ಬೆಂಗಳೂರಿನಲ್ಲಿ ಹಿರಿಯರಿಗೆ ಅಸಿಸ್ಟೆಡ್ ಲಿವಿಂಗ್: ಖರ್ಚಿನ ಪೂರ್ತಿ ಲೆಕ್ಕ, ನೆರವಿನ ದಾರಿಗಳು

ಹಿರಿಯರು ಅಲ್ಲೇ ವಾಸವಿದ್ದು ಸ್ನಾನ, ಊಟದಂಥ ದಿನನಿತ್ಯದ ಕೆಲಸಗಳಿಗೆ ಆಸರೆ ಪಡೆಯುವ ಜಾಗವೇ ಅಸಿಸ್ಟೆಡ್ ಲಿವಿಂಗ್. ಬೆಂಗಳೂರಿನ ಅಂಥ ಯಾವುದೇ ಮನೆಗೆ ಫೋನ್ ಮಾಡಿ "ತಿಂಗಳಿಗೆ ಎಷ್ಟಾಗುತ್ತೆ?" ಎಂದು ಕೇಳಿದರೆ ಒಂದು ಅಂಕಿ ಸಿಗುತ್ತದೆ. ಅದು ಕೋಣೆ, ಊಟ, ಬಟ್ಟೆ ಒಗೆಯುವುದು, ಸಾಮಾನ್ಯ ಮೇಲ್ವಿಚಾರಣೆ ಇಷ್ಟರ ಬೆಲೆ. ಆರು ತಿಂಗಳಾದ ಮೇಲೆ ಬಿಲ್ಲಿನಲ್ಲಿ ಬರುವ ಅಂಕಿಯೇ ಬೇರೆ. ಹಾಗಂತ ಅವರು ಸುಳ್ಳು ಹೇಳಿದರು ಎಂದೇನಲ್ಲ. ಹಿರಿಯರಿಗೆ ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ಜನರ ಕೈ ಬೇಕಾಗುತ್ತದೆ ಎನ್ನುವುದರ ಮೇಲೆ ಖರ್ಚು ಏರುತ್ತಾ ಹೋಗುತ್ತದೆ. ಕೋಣೆಯ ಪಾಲು ಅದರಲ್ಲಿ ಕಡಿಮೆಯೇ. ಆದ್ದರಿಂದ ಮನೆ ಹುಡುಕುವ ಮೊದಲು ಎಷ್ಟು ಆಸರೆ ಬೇಕು ಎಂದು ಅಳೆದುಕೊಳ್ಳಬೇಕು.

ಹಂತ 1: ಏಳು ದಿನ ಬರೆದಿಡಿ

ವೈದ್ಯರು ಇದಕ್ಕೆ ಬಳಸುವ ಪಟ್ಟಿ ಹಳೆಯದು, ಸರಳವಾದದ್ದು. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ 1963ರಲ್ಲಿ ಪ್ರಕಟಿಸಿದ ಈ ಪಟ್ಟಿಯಲ್ಲಿ ಆರು ಕೆಲಸಗಳಿವೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ. ಒಂದು ನೋಟ್‌ಬುಕ್ಕಿನಲ್ಲಿ ಈ ಆರಕ್ಕೆ ಆರು ಅಂಕಣ ಎಳೆದು, ಏಳು ದಿನ ಪ್ರತಿಯೊಂದರ ಮುಂದೆ ನಾಲ್ಕರಲ್ಲೊಂದು ಗುರುತು ಹಾಕಿ: ತಾವೇ ಮಾಡುತ್ತಾರೆ, ಪಕ್ಕದಲ್ಲೊಬ್ಬರು ಇದ್ದರೆ ಸಾಕು, ಕೈಹಿಡಿದು ಮಾಡಿಸಬೇಕು, ಇಬ್ಬರು ಬೇಕು.

ಇಲ್ಲಿ ಮನೆಯವರು ತಮಗೇ ಗೊತ್ತಿಲ್ಲದೆ ಕಡಿಮೆ ಬರೆಯುತ್ತಾರೆ. "ಸ್ನಾನ ಅವರೇ ಮಾಡ್ಕೋತಾರೆ" ಅನ್ನುತ್ತಾರೆ. ನೋಡಿದರೆ ಸೊಸೆ ಬಿಸಿನೀರು ಬೆರೆಸಿ ಬಕೆಟ್ ತುಂಬಿಸಿಟ್ಟು, ಟವೆಲ್ ಕೈಗೆ ಸಿಗುವ ಹಾಗೆ ನೇತುಹಾಕಿ, ಚಿಲಕ ಹಾಕಿಕೊಳ್ಳಬೇಡಿ ಎಂದು ಹೇಳಿ, ಬಾಗಿಲ ಹೊರಗೆ ಹದಿನೈದು ನಿಮಿಷ ನಿಂತಿರುತ್ತಾಳೆ. ಇದು ಎರಡನೇ ಗುರುತು, ಮೊದಲನೆಯದಲ್ಲ. ಅಸಿಸ್ಟೆಡ್ ಲಿವಿಂಗ್ ಮನೆಯಲ್ಲಿ ಆ ಹದಿನೈದು ನಿಮಿಷಕ್ಕೂ ಒಬ್ಬರಿಗೆ ಸಂಬಳ ಕೊಡಬೇಕು.

ರಾತ್ರಿಯದನ್ನು ಬೇರೆ ಬರೆಯಿರಿ. ಎಷ್ಟು ಸಲ ಏಳುತ್ತಾರೆ, ಎದ್ದಾಗ ಗೊಂದಲವಾಗುತ್ತದೆಯೇ, ಬಾಗಿಲು ತೆಗೆದು ಹೊರಗೆ ಹೋಗಲು ನೋಡುತ್ತಾರೆಯೇ? ಹಗಲಿಗಿಂತ ರಾತ್ರಿಯ ಆಸರೆಯೇ ದುಬಾರಿ. ಜೊತೆಗೆ ಮಾತ್ರೆ, ಹಣ, ಫೋನ್, ಅಡುಗೆ ಇವುಗಳಲ್ಲಿ ಯಾವುದನ್ನು ತಾವಾಗಿ ನಿಭಾಯಿಸುತ್ತಾರೆ ಎಂದು ಒಂದೊಂದು ಸಾಲು ಸಾಕು.

ಈ ನೋಟ್‌ಬುಕ್ ಹಿಡಿದು ವೃದ್ಧಾಪ್ಯ ಚಿಕಿತ್ಸಾ ತಜ್ಞರನ್ನೋ ಮನೆವೈದ್ಯರನ್ನೋ ನೋಡಿ. ಇದ್ದಕ್ಕಿದ್ದ ಹಾಗೆ ಗೊಂದಲ ಶುರುವಾಗಿದ್ದರೆ ಅದು ಮರೆವಿನ ಕಾಯಿಲೆಯೇ ಆಗಬೇಕೆಂದಿಲ್ಲ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಬಿ12 ಕೊರತೆ, ಥೈರಾಯ್ಡ್, ಹೊಸದಾಗಿ ಕೊಟ್ಟ ನಿದ್ರೆ ಮಾತ್ರೆ ಇವೆಲ್ಲ ಅದೇ ರೀತಿ ಕಾಣಿಸಿಕೊಳ್ಳುತ್ತವೆ, ಸರಿಪಡಿಸಲೂ ಆಗುತ್ತದೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ, ಅದೇ ಗಡಿಬಿಡಿಯಲ್ಲಿ, ಶಾಶ್ವತ ವ್ಯವಸ್ಥೆಗೆ ಮುಂಗಡ ಕಟ್ಟಬೇಡಿ. ಎರಡರಿಂದ ನಾಲ್ಕು ವಾರದ ತಾತ್ಕಾಲಿಕ ವಾಸಕ್ಕೆ ಸೇರಿಸಿಕೊಳ್ಳುವ ಮನೆಗಳಿವೆ, ಅಷ್ಟಕ್ಕೆ ಮಾತ್ರ ಒಪ್ಪಿ.

ಹಂತ 2: ಯಾವ ಬಗೆಯ ವ್ಯವಸ್ಥೆ?

ಆರರಲ್ಲಿ ಒಂದೋ ಎರಡೋ ಕೆಲಸಕ್ಕೆ ಮಾತ್ರ ಆಸರೆ ಬೇಕು, ರಾತ್ರಿ ತೊಂದರೆಯಿಲ್ಲ ಎಂದಾದರೆ ಮನೆಯಲ್ಲೇ ಹಗಲಿಗೊಬ್ಬರನ್ನು ಇಟ್ಟುಕೊಳ್ಳುವುದು, ಇಲ್ಲವೇ ಹಿರಿಯರ ಡೇ ಕೇರ್‌ಗೆ ಕಳಿಸುವುದು ಸಾಕಾಗುತ್ತದೆ. ಮೂರು ನಾಲ್ಕಕ್ಕೆ ಏರಿದರೆ ಅಸಿಸ್ಟೆಡ್ ಲಿವಿಂಗ್. ಮೂಗಿನ ನಳಿಕೆ, ಮೂತ್ರದ ನಳಿಕೆ (ಕ್ಯಾಥಿಟರ್), ಗಾಯದ ಡ್ರೆಸ್ಸಿಂಗ್ ಇದ್ದರೆ ನರ್ಸಿಂಗ್ ಸೌಕರ್ಯವಿರುವ ಜಾಗವೇ ಬೇಕು. ಮರೆವಿನ ಕಾಯಿಲೆಯಿದ್ದು ಮನೆಬಿಟ್ಟು ಹೊರಟುಬಿಡುವ ಸ್ವಭಾವವಿದ್ದರೆ ಡಿಮೆನ್ಷಿಯಾಕ್ಕೆಂದೇ ಇರುವ ವಿಭಾಗ ನೋಡಬೇಕು; ಸಾಮಾನ್ಯ ವೃದ್ಧಾಶ್ರಮಕ್ಕೆ ಸೇರಿಸಿದರೆ ಕೆಲವೇ ವಾರಗಳಲ್ಲಿ "ನಮ್ಮಿಂದ ಆಗಲ್ಲ, ಕರ್ಕೊಂಡು ಹೋಗಿ" ಎಂಬ ಫೋನ್ ಬರುವ ಸಾಧ್ಯತೆಯೇ ಹೆಚ್ಚು.

"ಮನೆಯಲ್ಲೇ 24 ಗಂಟೆಯ ಕೇರ್‌ಟೇಕರ್ ಇಟ್ಟರೆ ಅಗ್ಗ" ಎಂಬ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಏಜೆನ್ಸಿಯ ಶುಲ್ಕದ ಮೇಲೆ ಅವರ ಊಟ, ಮಲಗಲು ಜಾಗ, ವಾರದ ರಜೆಗೆ ಬದಲಿ ಜನ, ಹಬ್ಬಕ್ಕೆ ಊರಿಗೆ ಹೋದಾಗಿನ ಹತ್ತು ದಿನ ಎಲ್ಲವೂ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, 24 ಗಂಟೆಯ ಕೇರ್‌ಟೇಕರ್ 24 ಗಂಟೆ ಎಚ್ಚರವಿರುವುದಿಲ್ಲ. ರಾತ್ರಿ ನಾಲ್ಕು ಸಲ ಏಳುವ ಹಿರಿಯರಿದ್ದರೆ ಹಗಲಿಗೊಬ್ಬರು, ರಾತ್ರಿಗೊಬ್ಬರು ಬೇಕೇಬೇಕು. ಆಗ ಮನೆ ಬಾಡಿಗೆ, ಅಡುಗೆಯವರು, ಕರೆಂಟು ಎಲ್ಲ ಕೂಡಿಸಿದರೆ ಅಸಿಸ್ಟೆಡ್ ಲಿವಿಂಗ್ ಖರ್ಚಿನ ಸಮಕ್ಕೆ ಬಂದುಬಿಡುತ್ತದೆ.

ಹಂತ 3: ಹೇಳಿದ ಅಂಕಿಯಿಂದ ನಿಜವಾದ ಅಂಕಿಗೆ

ಬೆಂಗಳೂರಿನ ಖಾಸಗಿ ಮನೆಗಳಲ್ಲಿ ಇಬ್ಬರು ಹಂಚಿಕೊಳ್ಳುವ ಕೋಣೆಗೆ ಸಾಮಾನ್ಯವಾಗಿ 35,000ದಿಂದ 60,000 ರೂಪಾಯಿ ಹೇಳುತ್ತಾರೆ. ಒಂಟಿ ಕೋಣೆ, ಡಿಮೆನ್ಷಿಯಾ ವಿಭಾಗ ಅದಕ್ಕಿಂತ ಮೇಲೆ. ಲಕ್ಷ ದಾಟುವುದೂ ಉಂಟು. ಟ್ರಸ್ಟ್‌ಗಳು ನಡೆಸುವ ಮನೆಗಳಲ್ಲಿ ಕಡಿಮೆ, ಆದರೆ ಅಲ್ಲಿ ಬಹುತೇಕ ನಡೆದಾಡುವವರನ್ನಷ್ಟೇ ಸೇರಿಸಿಕೊಳ್ಳುತ್ತಾರೆ.

ಒಂದು ಲೆಕ್ಕ ಬಿಡಿಸೋಣ. ಅಂಕಿಗಳು ಉದಾಹರಣೆಗೆ, ನಿಮಗೆ ಹೇಳಿದ್ದನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

- ಹೇಳಿದ ಮಾಸಿಕ ಶುಲ್ಕ: 45,000
- ಅದರ ಮೇಲೆ ಶೇ 18 ಜಿಎಸ್‌ಟಿ: 8,100
- ಡೈಪರ್, ದಿನಕ್ಕೆ 4ರಂತೆ 120, ಒಂದಕ್ಕೆ 40 ರೂಪಾಯಿ: 4,800
- ಮಾತ್ರೆ, ಔಷಧ: 5,000
- ಫಿಸಿಯೋಥೆರಪಿ 12 ಸಲ, ಒಂದಕ್ಕೆ 600: 7,200
- ರಕ್ತಪರೀಕ್ಷೆ, ವೈದ್ಯರ ಹೆಚ್ಚುವರಿ ಭೇಟಿ: 1,500

ಒಟ್ಟು 71,600. ನಲವತ್ತೈದು ಸಾವಿರ ಎಂದುಕೊಂಡು ಹೋದವರಿಗೆ ಇಪ್ಪತ್ತಾರು ಸಾವಿರಕ್ಕೂ ಹೆಚ್ಚಿನ ವ್ಯತ್ಯಾಸ, ಅದೂ ಯಾವ ಆಸ್ಪತ್ರೆಯ ಖರ್ಚೂ ಇಲ್ಲದ ತಿಂಗಳಲ್ಲಿ. ವರ್ಷಕ್ಕೆ ಶೇ 8ರಂತೆ ಏರಿದರೆ ಐದು ವರ್ಷಕ್ಕೆ ಇದು 1.05 ಲಕ್ಷ ಆಗುತ್ತದೆ. ಉಳಿತಾಯ ಎಷ್ಟು ವರ್ಷ ಬಾಳುತ್ತದೆ ಎಂದು ನೋಡುವಾಗ ಈ ಏರಿಕೆ ಸೇರಿಸದಿದ್ದರೆ ಲೆಕ್ಕ ಹಾಕಿಯೂ ಪ್ರಯೋಜನವಿಲ್ಲ.

ಜಿಎಸ್‌ಟಿ ಸಾಲನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸರ್ಕಾರವೋ ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ಧರ್ಮಾರ್ಥ ಸಂಸ್ಥೆಯೋ ನಡೆಸುವ ವೃದ್ಧಾಶ್ರಮದಲ್ಲಿ, 60 ದಾಟಿದವರಿಗೆ, ಊಟ ವಸತಿ ಎಲ್ಲ ಸೇರಿ ತಲೆಗೆ ತಿಂಗಳಿಗೆ 25,000 ರೂಪಾಯಿವರೆಗಿನ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಕಂಪನಿ ನಡೆಸುವ ಮನೆಗೆ ಈ ವಿನಾಯಿತಿ ಅನ್ವಯಿಸದು. ಆದರೆ ವೈದ್ಯಕೀಯ ಸೇವೆಗೆ ಬೇರೆಯದೇ ವಿನಾಯಿತಿ ಇದೆ. ಆದ್ದರಿಂದ "ಜಿಎಸ್‌ಟಿ ಸೇರಿಯೋ, ಬಿಟ್ಟೋ? ನರ್ಸಿಂಗ್, ಫಿಸಿಯೋಥೆರಪಿಯನ್ನು ಬೇರೆ ಸಾಲಿನಲ್ಲಿ ಬಿಲ್ ಮಾಡುತ್ತೀರಾ?" ಎಂದು ಬರವಣಿಗೆಯಲ್ಲೇ ಕೇಳಿ. ಬಿಡಿಸಿದ ಬಿಲ್ ಮುಂದೆ ಆದಾಯ ತೆರಿಗೆಗೂ ಬೇಕಾಗುತ್ತದೆ.

ಒಂದೇ ಸಲ ಕಟ್ಟುವ ಹಣದಲ್ಲಿ ಎರಡು ಬಗೆ. ಅಡ್ವಾನ್ಸ್ ವಾಪಸ್ ಬರುತ್ತದೆ, ಪ್ರವೇಶ ಶುಲ್ಕ ಬರುವುದಿಲ್ಲ. ಎರಡನ್ನೂ "ಡೆಪಾಸಿಟ್" ಎಂಬ ಒಂದೇ ಪದದಲ್ಲಿ ಹೇಳಿ ಮುಗಿಸುವವರಿದ್ದಾರೆ. ಯಾವುದು ಯಾವುದು ಎಂದು ರಸೀದಿಯ ಮೇಲೇ ಬರೆಸಿಕೊಳ್ಳಿ.

ಹಂತ 4: ಹಣ ಎಲ್ಲಿಂದ?

ಮೊದಲು ಹಿರಿಯರದೇ ಆದಾಯವನ್ನು ಒಂದು ಹಾಳೆಗೆ ಇಳಿಸಿ: ಪಿಂಚಣಿ, ಬಡ್ಡಿ, ಬಾಡಿಗೆ. ಬ್ಯಾಂಕು, ಅಂಚೆ ಕಚೇರಿಗಳಲ್ಲಿ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಹೆಚ್ಚೆಂದರೆ 30 ಲಕ್ಷ ಇಡಬಹುದು. ಏಪ್ರಿಲ್ 2023ರಿಂದ ಬಂದಿರುವ ಶೇ 8.2ರ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ, ಅಂದರೆ ತಿಂಗಳಿಗೆ 20,500. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ, ಆದರೆ ನೀವು ಹಣ ಇಟ್ಟ ದಿನದ ದರ ಐದು ವರ್ಷ ಬದಲಾಗದು. ಅಪ್ಪ, ಅಮ್ಮ ಇಬ್ಬರೂ ಬೇರೆ ಬೇರೆ ಖಾತೆ ತೆರೆಯಬಹುದು. ವರ್ಷದ ಬಡ್ಡಿ ಒಂದು ಲಕ್ಷ ದಾಟಿದರೆ ತೆರಿಗೆ ಮುರಿದುಕೊಳ್ಳುತ್ತಾರೆ. ತೆರಿಗೆ ಬಾಕಿಯೇ ಇಲ್ಲದವರು 15ಎಚ್ ಎಂದು ಬಳಕೆಯಲ್ಲಿರುವ ಸ್ವಯಂ ಘೋಷಣೆಯನ್ನು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕೊಟ್ಟುಬಿಡಬೇಕು.

ಇರುವ ಮನೆಯನ್ನು ಬಾಡಿಗೆಗೆ ಕೊಡುವುದು ನಮ್ಮ ಪ್ರಕಾರ ಮಾರುವುದಕ್ಕಿಂತ ಒಳ್ಳೆಯದು, ಕೊನೆಯಪಕ್ಷ ಮೊದಲ ವರ್ಷವಾದರೂ. ಹೊಸ ಜಾಗಕ್ಕೆ ಹಿರಿಯರು ಒಗ್ಗಿಕೊಳ್ಳದೇ ವಾಪಸ್ ಬರಬೇಕಾಗಬಹುದು.

ರಿವರ್ಸ್ ಮಾರ್ಟ್‌ಗೇಜ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಸ್ವಂತ ಮನೆಯ ಮೇಲೆ ಬ್ಯಾಂಕು ತಿಂಗಳು ತಿಂಗಳು ಸಾಲ ಕೊಡುವ ಈ ಯೋಜನೆ 60 ದಾಟಿದವರಿಗೆ ಅನುಕೂಲವೇ, ಬರುವ ಹಣಕ್ಕೆ ಆದಾಯ ತೆರಿಗೆಯೂ ಇಲ್ಲ. ಆದರೆ ಸಾಲಗಾರರು ಆ ಮನೆಯಲ್ಲೇ ವಾಸವಿರಬೇಕು. ಸತತ ಒಂದು ವರ್ಷ ಅಲ್ಲಿ ವಾಸವಿಲ್ಲದಿದ್ದರೆ ಶಾಶ್ವತವಾಗಿ ಬಿಟ್ಟುಹೋದರು ಎಂದು ಪರಿಗಣಿಸಿ ಬ್ಯಾಂಕು ಸಾಲ ವಸೂಲಿಗೆ ಇಳಿಯಬಹುದು. ಅಂದರೆ ಮನೆಯಲ್ಲಿ ಆರೈಕೆ ಮಾಡಿಸಿಕೊಳ್ಳುವವರಿಗೆ ಇದು ಸರಿ, ಅಸಿಸ್ಟೆಡ್ ಲಿವಿಂಗ್‌ಗೆ ಹೋಗುವವರಿಗೆ ಅಲ್ಲ. ಗಂಡ ಆರೈಕೆ ಮನೆಗೆ ಹೋಗಿ, ಸಹಸಾಲಗಾರ್ತಿಯಾದ ಹೆಂಡತಿ ಮನೆಯಲ್ಲೇ ಉಳಿಯುವ ಸಂದರ್ಭ ಬೇರೆ. ಅದನ್ನು ಬ್ಯಾಂಕಿನಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳಿ.

ಆರೋಗ್ಯ ವಿಮೆ ಆಸ್ಪತ್ರೆ ಸೇರಿದಾಗಿನ ಖರ್ಚಿಗೆ. ಸ್ನಾನ ಮಾಡಿಸುವುದು, ಊಟ ಮಾಡಿಸುವುದಕ್ಕೆಲ್ಲ ಅದು ಬರುವುದಿಲ್ಲ. ಆದರೂ ಬಿಡಬೇಡಿ. ಏಪ್ರಿಲ್ 2024ರಿಂದ ಹೊಸ ಪಾಲಿಸಿಗೆ 65ರ ವಯಸ್ಸಿನ ಗೆರೆ ಇಲ್ಲ. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ. 22 ಸೆಪ್ಟೆಂಬರ್ 2025ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿಯೂ ಇಲ್ಲ.

ತೆರಿಗೆಯಲ್ಲಿ ಉಳಿಯುವುದು ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 80ಡಿ ಎಂದೇ ಪರಿಚಿತವಾದ ರಿಯಾಯಿತಿಯಲ್ಲಿ ವಿಮೆಯೇ ಇಲ್ಲದ ಹಿರಿಯ ತಂದೆತಾಯಿಯ ವೈದ್ಯಕೀಯ ಖರ್ಚನ್ನು ವರ್ಷಕ್ಕೆ 50,000ವರೆಗೆ ಕಳೆಯಬಹುದು, ನಗದಾಗಿ ಕೊಟ್ಟಿರಬಾರದು ಅಷ್ಟೇ. ಡಿಮೆನ್ಷಿಯಾ, ಪಾರ್ಕಿನ್ಸನ್ಸ್‌ನಂಥ ಕಾಯಿಲೆಯಿಂದ ಶೇ 40 ಅಥವಾ ಹೆಚ್ಚಿನ ವೈಕಲ್ಯವಿದ್ದರೆ ಹಿರಿಯರ ಚಿಕಿತ್ಸೆಗೆಂದು 80ಡಿಡಿಬಿ ಎಂದು ಪರಿಚಿತವಾದ ಇನ್ನೊಂದು ರಿಯಾಯಿತಿಯಲ್ಲಿ ಒಂದು ಲಕ್ಷದವರೆಗೆ ಅವಕಾಶವಿದೆ. ನರರೋಗ ತಜ್ಞರ ಪ್ರಮಾಣಪತ್ರ ಬೇಕು. ಕೋಣೆ ಬಾಡಿಗೆ, ಊಟ ಇದರಲ್ಲಿ ಬರುವುದಿಲ್ಲ.

ಇನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರ ನಡುವಿನ ಹಂಚಿಕೆ. ಜಗಳ ಹುಟ್ಟುವುದು ಮೊದಲ ತಿಂಗಳಲ್ಲಲ್ಲ, ಬಿಲ್ ಏರಿದ ಏಳನೇ ತಿಂಗಳಲ್ಲಿ. ಆರೈಕೆಗೆಂದೇ ಒಂದು ಬ್ಯಾಂಕ್ ಖಾತೆ ತೆರೆದು, ಹಿರಿಯರ ಪಿಂಚಣಿಯೂ ಮಕ್ಕಳ ಪಾಲೂ ಪ್ರತಿ ತಿಂಗಳು ತಾನಾಗಿ ಅದಕ್ಕೆ ಹೋಗುವ ಹಾಗೆ ಮಾಡಿ. ಮೂರು ತಿಂಗಳ ಖರ್ಚಿನಷ್ಟು ಹಣ ಅದರಲ್ಲಿ ಯಾವಾಗಲೂ ಇರಲಿ. ಓಡಾಡುವವರ ಶ್ರಮಕ್ಕೂ ಒಂದು ಬೆಲೆಯಿದೆ ಎಂದು ಮೊದಲೇ ಒಪ್ಪಿಕೊಂಡರೆ ದೂರದಲ್ಲಿರುವವರು ಸ್ವಲ್ಪ ಹೆಚ್ಚು ಪಾಲು ಹಾಕುವುದು ಸಹಜವಾಗಿ ಕಾಣುತ್ತದೆ.

ಹಂತ 5: ಸರ್ಕಾರ ಮತ್ತು ಸಂಸ್ಥೆಗಳಿಂದ ಸಿಗುವುದು

ಅಸಿಸ್ಟೆಡ್ ಲಿವಿಂಗ್ ಬಿಲ್ ಕಟ್ಟಿಕೊಡುವ ಸರ್ಕಾರಿ ಯೋಜನೆ ಇದೆ ಎಂಬ ಆಸೆ ಇಟ್ಟುಕೊಳ್ಳಬೇಡಿ. ಸುತ್ತಮುತ್ತಲಿನ ಖರ್ಚು ಇಳಿಸುವ ನೆರವುಗಳಿವೆ.

ಯಾರನ್ನು ಕೇಳಬೇಕೆಂದೇ ತೋಚದಿದ್ದಾಗ 14567ಕ್ಕೆ ಕರೆ ಮಾಡಿ. ಇದು ಹಿರಿಯರ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಉಚಿತ. ವೃದ್ಧಾಶ್ರಮ, ಪಿಂಚಣಿ, ಕಾನೂನು ಎಲ್ಲದರ ಮಾಹಿತಿ ಕೊಡುತ್ತಾರೆ. ಬೀದಿಪಾಲಾದ, ಹಿಂಸೆಗೊಳಗಾದ ಹಿರಿಯರ ವಿಷಯದಲ್ಲಿ ಸ್ಥಳಕ್ಕೂ ಬರುತ್ತಾರೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಸೇರಿ 2002ರಲ್ಲಿ ಶುರುಮಾಡಿದ ಹಿರಿಯರ ಸಹಾಯವಾಣಿ 1090 ಕೂಡ ಇದೆ. ಹೆಲ್ಪ್‌ಏಜ್ ಇಂಡಿಯಾದ್ದು 1800-180-1253. ಆರೈಕೆ ಮಾಡಿ ಮಾಡಿ ಸೋತ ಮನೆಯವರು ತಮಗಾಗಿಯೇ ಕರೆ ಮಾಡಬಹುದಾದದ್ದು ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತನಾಡಬಹುದು. ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108.

ಆದಾಯ ತೀರಾ ಕಡಿಮೆಯಿರುವ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ಅರ್ಜಿ ನಾಡಕಚೇರಿಯಲ್ಲಿ. ಹಿರಿಯ ನಾಗರಿಕರ ಗುರುತಿನ ಚೀಟಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ. ಬಸ್ಸಿನ ಶೇ 25 ರಿಯಾಯಿತಿಗಷ್ಟೇ ಅಲ್ಲ, ವಯಸ್ಸಿನ ದಾಖಲೆಯಾಗಿಯೂ ಉಪಯೋಗಕ್ಕೆ ಬರುತ್ತದೆ. ಬಿಪಿಎಲ್ ಕುಟುಂಬದವರಿಗೆ, ಇಲ್ಲವೇ ತಿಂಗಳ ಆದಾಯ 15,000 ಮೀರದ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಗಾಲಿಕುರ್ಚಿ, ವಾಕರ್, ಶ್ರವಣ ಸಾಧನ, ಕೃತಕ ದಂತಪಂಕ್ತಿ ಉಚಿತ. ಅಂಗಡಿಯಲ್ಲಿ ಕೊಳ್ಳುವ ಮುಂಚೆ ಇದನ್ನೊಮ್ಮೆ ವಿಚಾರಿಸಿ.

ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ನಿಗದಿತ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ ಅಲ್ಲಿಂದ ರೆಫರಲ್ ಪತ್ರ ತರಬೇಕು. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿದವರು ಸಿಕ್ಕಿಬೀಳುವುದು ಇಲ್ಲೇ.

ಮರೆವಿನ ಕಾಯಿಲೆಗೆ ನಿಮ್ಹಾನ್ಸ್‌ನ ಹಿರಿಯರ ವಿಭಾಗ, ಆರೈಕೆದಾರರ ತರಬೇತಿಗೆ ಡಿಮೆನ್ಷಿಯಾ ಇಂಡಿಯಾ ಅಲಯನ್ಸ್ ಇವೆ. ಕೈಮೀರಿದ ಕ್ಯಾನ್ಸರ್ ಇದ್ದವರನ್ನು ಕರುಣಾಶ್ರಯ ಹಾಸ್ಪಿಸ್ ಒಂದು ಪೈಸೆಯೂ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಅಂಥವರಿಗೆ ದುಬಾರಿ ಆರೈಕೆ ಮನೆ ಹುಡುಕುವ ಅಗತ್ಯವೇ ಇಲ್ಲ.

ಮಕ್ಕಳು ನೋಡಿಕೊಳ್ಳದಿದ್ದಾಗ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹಿರಿಯರೇ ಹಾಕಬಹುದು, ಅವರು ಒಪ್ಪಿಸಿದ ಬೇರೆಯವರೂ ಸಂಸ್ಥೆಯೂ ಹಾಕಬಹುದು. ನೋಟಿಸ್ ಜಾರಿಯಾದ 90 ದಿನದಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಕಾಯ್ದೆಯ ಪ್ರಕಾರ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ, ಅಂದರೆ ಮೇಲಿನ ಬಿಲ್ಲಿನ ಏಳನೇ ಒಂದು ಪಾಲು. ಹಾಗಾಗಿ ಕಾಯ್ದೆಯ ನಿಜವಾದ ಬಲ ಇರುವುದು 23ನೇ ಕಲಮಿನಲ್ಲಿ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲಿ ಇಲ್ಲದಿದ್ದರೆ ವಾದ ಕಷ್ಟವಾಗುತ್ತದೆ. ಮಕ್ಕಳಿಗೆ ಮನೆ ಬರೆದುಕೊಡುವ ಯೋಚನೆಯಿದ್ದರೆ "ಊಟ, ವಸತಿ, ಚಿಕಿತ್ಸೆ, ಆರೈಕೆಯ ಖರ್ಚು ಭರಿಸಬೇಕು" ಎಂಬ ಸಾಲನ್ನು ದಾನಪತ್ರದೊಳಗೇ ಬರೆಸಿ. ಉಚಿತ ಕಾನೂನು ನೆರವಿಗೆ 15100.

ಹಂತ 6: ಹೋಗಿ ನೋಡುವಾಗ

ಹೇಳಿ ಹೋಗುವ ಭೇಟಿ ಒಂದು, ಹೇಳದೆ ಹೋಗುವ ಭೇಟಿ ಒಂದು. ಎರಡನೆಯದಕ್ಕೆ ಸಂಜೆ ಏಳರ ಸುಮಾರು ಒಳ್ಳೆಯ ಹೊತ್ತು, ಹಗಲಿನವರು ಹೊರಟು ರಾತ್ರಿಯವರು ಬರುವ ಸಮಯ. ಭಾನುವಾರ ಮಧ್ಯಾಹ್ನವೂ ಆದೀತು.

ಲಾಬಿ, ತೋಟ, ದೇವರ ಮನೆ ನೋಡಿ ಮರುಳಾಗಬೇಡಿ. ಹಾಸಿಗೆ ಹಿಡಿದವರ ಕೋಣೆಗೆ ಅನುಮತಿ ಕೇಳಿ ಹೋಗಿ. ನೀರಿನ ಲೋಟ ಮಲಗಿದವರ ಕೈಗೆ ಎಟಕುವ ಹಾಗಿದೆಯೇ, ಕಿಟಕಿಯ ಮೇಲಿದೆಯೇ? ಕಾಲಿಂಗ್ ಬೆಲ್ ದಿಂಬಿನ ಪಕ್ಕದಲ್ಲಿದೆಯೇ, ಗೋಡೆಯ ಮೇಲಿದೆಯೇ? ಅದನ್ನು ಒತ್ತಿಸಿ, ಗಡಿಯಾರ ನೋಡಿ. ಐದು ನಿಮಿಷದೊಳಗೆ ಯಾರೂ ಬರದಿದ್ದರೆ ಹಗಲಲ್ಲೇ ಜನ ಸಾಲುತ್ತಿಲ್ಲ. ಉಗುರು ಕತ್ತರಿಸಿದ್ದಾರೆಯೇ, ಹಿಮ್ಮಡಿ ಕೆಂಪಾಗಿದೆಯೇ ನೋಡಿ. ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಿಮ್ಮಡಿ, ಸೊಂಟದ ಕೆಳಭಾಗದಲ್ಲಿ ಹುಣ್ಣು ಶುರು. ಮಗ್ಗುಲು ಬದಲಿಸಿದ ದಾಖಲೆಯ ಹಾಳೆ ಕೇಳಿ. ಬೆಳಿಗ್ಗೆ 11ಕ್ಕೇ ರಾತ್ರಿ 10ರವರೆಗಿನ ಸಹಿ ಬಿದ್ದಿದ್ದರೆ ಅಲ್ಲಿಂದ ಹೊರಡಿ.

ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ರಾತ್ರಿ ಎಷ್ಟು ಜನ ನಿವಾಸಿಗಳಿಗೆ ಎಷ್ಟು ಜನ ಎಚ್ಚರ ಇರುತ್ತಾರೆ? ರಾತ್ರಿ ತರಬೇತಾದ ನರ್ಸ್ ಇದ್ದಾರೋ, ಕರೆದರೆ ಬರುತ್ತಾರೋ? ಬಿದ್ದರೆ ಯಾವ ಆಸ್ಪತ್ರೆಗೆ, ಯಾರು ಜೊತೆಗೆ? ವೈದ್ಯಕೀಯ ಸೇವೆ ಕೊಡುತ್ತೇವೆ ಎನ್ನುವವರ ಹತ್ತಿರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ ನೋಂದಣಿ, ಅಗ್ನಿಶಾಮಕ ವ್ಯವಸ್ಥೆಯ ದಾಖಲೆ ಕೇಳಿ. ಸ್ಟ್ರೆಚರ್ ಹಿಡಿಸುವ ಲಿಫ್ಟ್ ಇದೆಯೇ ಎಂಬುದು ಬಹಳ ಜನ ಮರೆಯುವ ಪ್ರಶ್ನೆ. ಸಾಮಾನ್ಯ ಮನೆಯನ್ನೇ ಆರೈಕೆ ಮನೆಯಾಗಿ ಮಾಡಿದ ಕಡೆ ಬಹುಮಟ್ಟಿಗೆ ಇರುವುದಿಲ್ಲ.

ಹಂತ 7: ಕರಾರು ಪತ್ರ

ಸಹಿಗೆ ಮುಂಚೆ ಪ್ರತಿಯನ್ನು ಮನೆಗೆ ತಂದು ಓದಿ. ಅತಿ ಮುಖ್ಯ ಕಲಮು ಒಂದೇ: ಆಸರೆ ಹೆಚ್ಚು ಬೇಕಾದಾಗ ಏನಾಗುತ್ತದೆ? ಮಟ್ಟಗಳು ಎಷ್ಟು, ಒಂದರಿಂದ ಇನ್ನೊಂದಕ್ಕೆ ಏರಿಸುವವರು ಯಾರು, ಏರಿದರೆ ಎಷ್ಟು ಹೆಚ್ಚು, ಎಷ್ಟು ದಿನದ ಮುನ್ಸೂಚನೆ, ಯಾವ ಸ್ಥಿತಿ ಬಂದರೆ ಇಟ್ಟುಕೊಳ್ಳುವುದಿಲ್ಲ ಎಲ್ಲವೂ ಅಂಕಿಯಲ್ಲಿ ಇರಬೇಕು. "ಪರಿಸ್ಥಿತಿಗೆ ಅನುಗುಣವಾಗಿ ಶುಲ್ಕ ಪರಿಷ್ಕರಿಸಲಾಗುವುದು" ಎಂದಷ್ಟೇ ಇದ್ದರೆ ನೀವು ಖಾಲಿ ಚೆಕ್ಕಿಗೆ ಸಹಿ ಹಾಕಿದಂತೆ. ಏಳು ದಿನದ ನೋಟ್‌ಬುಕ್ಕನ್ನು ಇಲ್ಲಿ ಮುಂದಿಟ್ಟು, ಈಗ ಯಾವ ಮಟ್ಟ ಎಂದು ಕರಾರಿನಲ್ಲೇ ಬರೆಸಿ. ಕಾಯಿಲೆ ಮುಚ್ಚಿಟ್ಟು ಕಡಿಮೆ ಮಟ್ಟಕ್ಕೆ ಸೇರಿಸುವ ಆಸೆ ಬೇಡ. ಮೊದಲ ವಾರದಲ್ಲೇ ಗೊತ್ತಾಗುತ್ತದೆ, ಆಮೇಲೆ ಮಾತಿಗೆ ಬೆಲೆ ಇರದು.

ಉಳಿದದ್ದು: ವಾರ್ಷಿಕ ಏರಿಕೆಗೆ ಶೇಕಡಾ ಮಿತಿ, ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಶುಲ್ಕ ಎಷ್ಟು, ಹಿರಿಯರು ತೀರಿಕೊಂಡರೆ ಆ ತಿಂಗಳ ಬಾಕಿ ದಿನಗಳ ಹಣ, ಅಡ್ವಾನ್ಸ್ ಎಷ್ಟು ದಿನದಲ್ಲಿ, ಯಾರ ಖಾತೆಗೆ ವಾಪಸ್, ಬಿಡಬೇಕಾದರೆ ಎಷ್ಟು ದಿನದ ನೋಟಿಸ್. ಡೈಪರ್, ಮಾತ್ರೆ ನೀವೇ ತಂದುಕೊಡಬಹುದೇ ಎಂಬುದನ್ನೂ ಬರೆಸಿ.

ಹಂತ 8: ಸಹಿ ಹಾಕುವ ಶಕ್ತಿ ಇರುವಾಗಲೇ

ಮರೆವಿನ ಕಾಯಿಲೆಯ ಆರಂಭದಲ್ಲಿ ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ) ಮಾಡಿಸಿಟ್ಟರೆ ಸಾಕು ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ನಮ್ಮ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಬೇಕಾಗುವ ಹೊತ್ತಿಗೆ ಸರಿಯಾಗಿ ಅದು ಕೆಲಸಕ್ಕೆ ಬರುವುದಿಲ್ಲ, ಆಮೇಲೆ ಕೋರ್ಟಿನಿಂದ ಪಾಲಕರ ನೇಮಕ ಮಾಡಿಸಬೇಕಾಗುತ್ತದೆ. ಬ್ಯಾಂಕ್ ಖಾತೆ, ಠೇವಣಿಗಳನ್ನು ಇಬ್ಬರಲ್ಲಿ ಯಾರಾದರೂ ನಡೆಸುವ ಜಂಟಿ ಖಾತೆಯಾಗಿ ಈಗಲೇ ಬದಲಿಸಿ, ನಾಮನಿರ್ದೇಶನ ಸರಿಮಾಡಿ, ವಿಲ್ ಬರೆಸಿ.

ಕೊನೆಗಾಲದ ಚಿಕಿತ್ಸೆಯ ಬಗ್ಗೆ ಹಿರಿಯರಿಗೆ ಸ್ಪಷ್ಟ ಇಚ್ಛೆಯಿದ್ದರೆ ಮುಂಗಡ ವೈದ್ಯಕೀಯ ನಿರ್ದೇಶನ ಬರೆಸಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯಮಾಡಿ 2023ರಲ್ಲಿ ಸರಳಗೊಳಿಸಿದ ವಿಧಾನದಂತೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರ 30 ಜನವರಿ 2025ರಂದು ಇದರ ಜಾರಿಗೆ ಆದೇಶ ಹೊರಡಿಸಿದೆ. ಒಂದು ಪ್ರತಿ ಆರೈಕೆ ಮನೆಯ ಫೈಲಿನಲ್ಲಿರಲಿ. ಇಲ್ಲದಿದ್ದರೆ ರಾತ್ರಿ ಎರಡಕ್ಕೆ ಅವರು ಆಂಬ್ಯುಲೆನ್ಸ್ ಕರೆಯುತ್ತಾರೆ, ಆಸ್ಪತ್ರೆಯಲ್ಲಿ ವೆಂಟಿಲೇಟರ್ ಪ್ರಶ್ನೆ ನಿಮ್ಮ ಮುಂದೆ ಬರುತ್ತದೆ.

ಪಿಂಚಣಿದಾರರ ಜೀವಂತ ಪ್ರಮಾಣಪತ್ರವನ್ನು ಮರೆಯಬೇಡಿ. ಪ್ರತಿ ನವೆಂಬರ್‌ನಲ್ಲಿ ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್‌ನಲ್ಲೇ ಕೊಡಬಹುದು. ಬೆರಳಚ್ಚು ಸವೆದಿದ್ದರೆ ಮೊಬೈಲಿನಲ್ಲಿ ಮುಖ ಗುರುತಿಸುವ ಆಪ್ ಇದೆ. 70 ದಾಟಿದವರು ಬ್ಯಾಂಕಿನ ಮನೆಬಾಗಿಲ ಸೇವೆಯನ್ನೂ ಕೇಳಬಹುದು.

ಹಂತ 9: ಸೇರಿಸಿದ ಮೇಲೆ

ಮೊದಲ ಒಂದು ತಿಂಗಳು ಬೇರೆ ಬೇರೆ ಹೊತ್ತಿಗೆ ಹೋಗಿಬನ್ನಿ. ಒಡವೆ ಕಳಿಸಬೇಡಿ; ಹಲ್ಲಿನ ಸೆಟ್, ಕನ್ನಡಕ, ಶ್ರವಣ ಸಾಧನದ ಮೇಲೆ ಹೆಸರು ಬರೆಯಿರಿ, ಕಳೆದುಹೋಗುವುದು ಇವೇ. ಸೇರಿದ ದಿನದ ತೂಕ ಬರೆಸಿ, ಪ್ರತಿ ತಿಂಗಳು ಅದೇ ತೂಕದ ಯಂತ್ರದ ಮೇಲೆ ಮತ್ತೆ ನೋಡಿಸಿ. ಊಟ ಚೆನ್ನಾಗಿದೆಯೇ ಎಂದು ಕೇಳಿದರೆ "ಹೂಂ, ಪರವಾಗಿಲ್ಲ" ಎಂಬ ಉತ್ತರವೇ ಬರುವುದು, ತೂಕ ನಿಜ ಹೇಳುತ್ತದೆ. ಇದ್ದಕ್ಕಿದ್ದಂತೆ ಮಂಪರಾಗಿ ಕೂತಿದ್ದರೆ ಹೊಸದಾಗಿ ನಿದ್ರೆಯ ಅಥವಾ ಶಾಂತವಾಗಿಸುವ ಮಾತ್ರೆ ಸೇರಿಸಿದ್ದಾರೆಯೇ, ಯಾವ ವೈದ್ಯರ ಚೀಟಿಯ ಮೇಲೆ ಎಂದು ಕೇಳಿ.

ಬಿಲ್ಲಿನಲ್ಲಿ ಡೈಪರ್ ಸಂಖ್ಯೆ, ಔಷಧದ ಸಾಲುಗಳನ್ನು ಮೂರು ತಿಂಗಳಿಗೊಮ್ಮೆ ಹೋಲಿಸಿ. 120 ಇದ್ದದ್ದು 180 ಆಗಿದ್ದರೆ ಎರಡು ಕಾರಣವಿರಬಹುದು, ಲೆಕ್ಕ ತಪ್ಪಿದೆ ಅಥವಾ ಮೂತ್ರದ ಸೋಂಕಿದೆ. ಎರಡನೆಯದಕ್ಕೆ ಮೊದಲು ಪರೀಕ್ಷೆ ಮಾಡಿಸಿ, ಲೆಕ್ಕದ ಮಾತು ಆಮೇಲೆ ಆಡಿ. ದೂರೇನಾದರೂ ಇದ್ದರೆ ಮೇಲ್ವಿಚಾರಕರಿಗೆ ಇಮೇಲ್‌ನಲ್ಲಿ ದಿನಾಂಕ, ಹೊತ್ತು ಹಾಕಿ ಬರೆಯಿರಿ. ವಾರದಲ್ಲಿ ಉತ್ತರ ಬರದಿದ್ದರೆ ಆಡಳಿತಕ್ಕೆ, ಹಿಂಸೆಯ ಅನುಮಾನವಿದ್ದರೆ ತಡಮಾಡದೆ 14567 ಅಥವಾ 112ಕ್ಕೆ ಕರೆ ಮಾಡಿ. ಬೇರೆ ಮನೆಗೆ ಬದಲಿಸುವ ತೀರ್ಮಾನವಾದರೆ ನೋಟಿಸ್ ಕೊಡುವ ಮೊದಲೇ ಔಷಧದ ಪಟ್ಟಿ, ನರ್ಸಿಂಗ್ ಟಿಪ್ಪಣಿ, ಪರೀಕ್ಷಾ ವರದಿಗಳ ಪ್ರತಿ ತೆಗೆದುಕೊಂಡಿರಿ. ಹೊಸ ಜಾಗದವರು ಮೊದಲು ಕೇಳುವುದು ಅದನ್ನೇ.